ಬೇಸಿಗೇಲಿ ಓದು ನಿಲ್ಲಿಸ್ಬೇಕಾ? ಹೋಮ್‌ಸ್ಕೂಲ್ ಮಕ್ಕಳು, ಅಜ್ಜಿ ಮನೆ ಮತ್ತು ಅಡಿಕೆ ಧಾರಣೆ

ಪ್ರಶ್ನೆ: ನಾವು ತುಮಕೂರಲ್ಲಿ ಇರೋದು, ಮೂರು ವರ್ಷದಿಂದ ಮಕ್ಕಳಿಗೆ ಹೋಮ್‌ಸ್ಕೂಲಿಂಗ್. ಮಗನಿಗೆ 9, ಮಗಳಿಗೆ 6. ಪ್ರತಿ ವರ್ಷ ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೂ ತೀರ್ಥಹಳ್ಳಿ ಹತ್ರ ಅತ್ತೆ ಮನೇಲಿ ಇರ್ತೀವಿ, ಭಾವನ ಮಕ್ಕಳು, ನಾದಿನಿ ಮಕ್ಕಳು ಎಲ್ಲಾ ಬಂದು ಸೇರ್ತಾರೆ. ಮಗ ಇಂಗ್ಲಿಷ್‌ನಲ್ಲಿ ದಪ್ಪ ದಪ್ಪ ಪುಸ್ತಕ ಓದ್ತಾನೆ, ಕನ್ನಡ ಮಾತ್ರ ತಡವರಿಸ್ತಾನೆ. ಹೋದ ವರ್ಷ ಭಾವ ಎಲ್ಲರ ಮುಂದೆ ಪೇಪರ್ ಕೊಟ್ಟು ಓದಿಸಿದ್ರು, 'ಕಾರ್ಯಕ್ರಮ' ಅನ್ನೋ ಪದದಲ್ಲಿ ಸಿಕ್ಕಾಕೊಂಡ, ಮಕ್ಕಳೆಲ್ಲ ನಕ್ರು. ಅವತ್ತಿಂದ ಕನ್ನಡ ಪುಸ್ತಕ ಮುಟ್ಟಿಲ್ಲ. ಭಾವನ ಮಗಳು ಕನ್ನಡ ಮೀಡಿಯಂ ಐದನೇ ಕ್ಲಾಸು, ಪಟಪಟ ಓದ್ತಾಳೆ, ಎಲ್ರೂ ಅವಳ ಜೊತೆ ಹೋಲಿಸ್ತಾರೆ. ನನ್ನ ಮಗಳಂತೂ ಇನ್ನೂ ಓದೋದೇ ಇಲ್ಲ. ಈ ಸಲ ದಿನಕ್ಕೆ ಒಂದು ಗಂಟೆ ಅಂತ ಟೈಮ್‌ಟೇಬಲ್ ಹಾಕಿ, 40 ಪುಸ್ತಕದ ಚಾರ್ಟ್ ಮಾಡಿ, ಮುಗಿಸಿದ್ರೆ ಸೈಕಲ್ ಕೊಡಿಸೋಣ ಅನ್ಕೊಂಡಿದೀನಿ. ಅತ್ತೆ ನೋಡಿದ್ರೆ 'ನಿಮಗೆ ರಜ ಅಂತಾನೇ ಇಲ್ವಾ' ಅಂತಾರೆ. ಬಿಟ್ರೆ ಕಲ್ತಿದ್ದೂ ಮರೆತುಹೋಗುತ್ತೇನೋ ಅಂತ ಭಯ. ಏನು ಮಾಡ್ಲಿ?

ಉತ್ತರ: ಮೊದ್ಲು ಆ ಚಾರ್ಟ್ ವಿಷಯ ಮುಗಿಸ್ಬಿಡೋಣ, ಯಾಕಂದ್ರೆ ಅದರಲ್ಲಿ ಕೈ ಸುಟ್ಕೊಂಡವಳು ನಾನು.

ನನ್ನ ಇಬ್ಬರು ಮಕ್ಕಳೂ ಮನೇಲೇ ಕಲ್ತವರು, ಈಗ ದೊಡ್ಡವರಾಗಿದ್ದಾರೆ. ಮಗನಿಗೆ ಎಂಟು ವರ್ಷ ಇದ್ದಾಗ ಒಂದು ಬೇಸಿಗೇಲಿ ನಾನೂ ಫ್ರಿಜ್ ಬಾಗಿಲಿಗೆ ಚಾರ್ಟ್ ಅಂಟಿಸಿದ್ದೆ, ಒಂದು ಪುಸ್ತಕಕ್ಕೆ ಒಂದು ಸ್ಟಾರು, 25 ಸ್ಟಾರಿಗೆ ಒಂದು ಕ್ರಿಕೆಟ್ ಬ್ಯಾಟು. ಒಂಬತ್ತೇ ದಿನಕ್ಕೆ 25 ಸ್ಟಾರ್ ತುಂಬ್ತು. ನಾನು ಊರೆಲ್ಲ ಹೇಳ್ಕೊಂಡು ಓಡಾಡಿದ್ದೇ ಓಡಾಡಿದ್ದು. ಆಮೇಲೆ ಕಪಾಟು ಜೋಡಿಸೋವಾಗ ನೋಡ್ತೀನಿ, ಅವನು ಓದಿದ್ದೆಲ್ಲ ಅವನ ತಂಗಿಗೆ ಅಂತ ತಂದಿದ್ದ 16 ಪುಟದ ಪುಸ್ತಕಗಳು, ಪುಟಕ್ಕೆ ಎರಡು ಲೈನು. ತಾನಾಗೇ ಇಷ್ಟಪಟ್ಟು ಅರ್ಧ ಓದಿಟ್ಟಿದ್ದ ದಪ್ಪ ಪುಸ್ತಕ ಹಾಗೇ ಬುಕ್‌ಮಾರ್ಕ್ ಸಮೇತ ಮೂಲೇಲಿ ಬಿದ್ದಿತ್ತು, ಅದು ಓದ್ತಾ ಕೂತ್ರೆ ಸ್ಟಾರ್ ಲೇಟಾಗುತ್ತಲ್ಲ. ಬ್ಯಾಟ್ ಬಂದ ದಿನದಿಂದ ಗಣೇಶನ ಹಬ್ಬದವರೆಗೂ ಅವನು ಪುಸ್ತಕ ಮುಟ್ಲಿಲ್ಲ. 'ಈಗ ಏನು ಕೊಡಿಸ್ತೀಯ?' ಅಂತ ಕೇಳಿದ್ದ, ಅಷ್ಟೇ. ತಪ್ಪು ಅವನದಲ್ಲ, ವ್ಯಾಪಾರ ಹೇಳಿಕೊಟ್ಟಿದ್ದೇ ನಾನು.

ಇದು ನನ್ನೊಬ್ಬಳ ಮನೆ ಕತೆ ಅಲ್ಲ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅಂತ ಮೂರು ಜನ ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯೋದು ಇಷ್ಟ ಇದ್ದ ಮಕ್ಕಳಲ್ಲಿ ಕೆಲವರಿಗೆ 'ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ' ಅಂತ ಮೊದಲೇ ಹೇಳಿದ್ರು, ಕೆಲವರಿಗೆ ಹೇಳದೆ ಕೊನೇಲಿ ಕೊಟ್ರು, ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದ್ರೆ ಮೊದಲೇ ಆಸೆ ತೋರಿಸಿದ್ದ ಮಕ್ಕಳು ಆ ಪೆನ್ನು ಹಿಡಿಯೋದು ಉಳಿದವರಿಗಿಂತ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಹೇಳದೆ ಕೊಟ್ಟವರಿಗೆ ಏನೂ ಆಗಿರ್ಲಿಲ್ಲ. ಹಾಗಾಗಿ ಸೈಕಲ್ ಕೊಡಿಸ್ಬೇಕು ಅಂತಿದ್ರೆ ಸುಮ್ನೆ ಕೊಡಿಸಿ, ಮಗುಗೆ ಸೈಕಲ್ ಬೇಕು, ಅದಕ್ಕೆ. ಪುಸ್ತಕಕ್ಕೂ ಅದಕ್ಕೂ ಗಂಟು ಹಾಕ್ಬೇಡಿ.

ಇನ್ನು ಮರೆತುಹೋಗೋ ಭಯ. ಬೇಸಿಗೆ ರಜೇಲಿ ಕಲಿಕೆ ಜಾರುತ್ತೆ ಅನ್ನೋ ಮಾತು ಹೆಚ್ಚಾಗಿ ಅಮೆರಿಕದಿಂದ ಬಂದಿದ್ದು. ಅಲ್ಲಿ ಎರಡೂವರೆ ತಿಂಗಳ ರಜೆ, 1996ರಲ್ಲಿ ಹ್ಯಾರಿಸ್ ಕೂಪರ್ ಅನ್ನೋ ಸಂಶೋಧಕರು ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳ್ತಾರೆ ಅಂದಿದ್ರು, ಆಮೇಲೆ ಬಂದವರು ಆ ಹಳೇ ಪರೀಕ್ಷೆಗಳ ಅಳತೆಗೋಲೇ ಸರಿ ಇರ್ಲಿಲ್ಲ ಅಂತ ತಕರಾರು ತೆಗೆದ್ರು, ವಾದ ಇನ್ನೂ ನಡೀತಾನೇ ಇದೆ. ನಮ್ಮ ಕಡೆ ಇದಕ್ಕಿಂತ ಹತ್ತಿರದ ಲೆಕ್ಕ ಒಂದಿದೆ. ಕೊರೋನಾ ಟೈಮಲ್ಲಿ ಶಾಲೆ ಮುಚ್ಚಿದ ಮೇಲೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರೀಲಿ ಕರ್ನಾಟಕವೂ ಸೇರಿ 5 ರಾಜ್ಯದ 16,067 ಮಕ್ಕಳನ್ನ ನೋಡಿದ್ರು, ನೂರಕ್ಕೆ 92 ಮಕ್ಕಳು ಭಾಷೇಲಿ ಹಿಂದಿನ ವರ್ಷ ಬರ್ತಿದ್ದ ಯಾವುದಾದ್ರೂ ಒಂದು ಸಾಮರ್ಥ್ಯನಾದ್ರೂ ಕಳ್ಕೊಂಡಿದ್ರು. ಗಾಬರಿ ಆಗ್ಬೇಡಿ, ಅದು ಹೆಚ್ಚುಕಮ್ಮಿ ಒಂದು ವರ್ಷದ ಕತೆ, ಎಷ್ಟೋ ಮಕ್ಕಳ ಮನೇಲಿ ಪುಸ್ತಕಾನೂ ಇಲ್ಲ, ಕೂತು ಕತೆ ಹೇಳೋರೂ ಇಲ್ಲ. ನಿಮ್ಮದು ಆರು ವಾರ, ಅದೂ ಮಾತು ತುಂಬಿದ ಮನೆ. ಇಂಗ್ಲಿಷ್‌ನಲ್ಲಿ ದಪ್ಪ ಪುಸ್ತಕ ಓದೋ ಹುಡುಗ ಆರು ವಾರಕ್ಕೆ ಓದೋದು ಮರೆಯಲ್ಲ, ಈಜು ಕಲ್ತವನು ಮರೀತಾನಾ?

ನನಗೆ ನಿಮ್ಮ ಪ್ರಶ್ನೇಲಿ ಕಂಡಿದ್ದು ಬೇರೆ ಭಯ. ಹೋಮ್‌ಸ್ಕೂಲ್ ಮಾಡೋರಿಗೆ ವರ್ಷ ಪೂರ್ತಿ ಪರೀಕ್ಷೆ ಇರಲ್ಲ, ಏಪ್ರಿಲ್ ಮೇನಲ್ಲಿ ನೆಂಟರು ಬಂದು ಒಟ್ಟಿಗೆ ತಗೋತಾರೆ. ಹದಿನೇಳರ ಮಗ್ಗಿ ಹೇಳು, ಕರ್ನಾಟಕದಲ್ಲಿ ಎಷ್ಟು ಜಿಲ್ಲೆ ಹೇಳು, ಇದು ಓದಿ ತೋರ್ಸು. ಉತ್ತರ ಪತ್ರಿಕೆ ಮಗುದು, ಮಾರ್ಕ್ಸ್ ಮಾತ್ರ ನಮಗೆ. ಶಾಲೆ ಬಿಡಿಸಿದ್ದು ಸರಿ ಅಂತ ಸಾಬೀತು ಮಾಡೋ ಸಾಕ್ಷಿ ಆಗಿಬಿಡುತ್ತೆ ಮಗುವಿನ ಓದು, ಅದು ಮಕ್ಕಳಿಗೆ ಬೇಗ ವಾಸನೆ ಹೊಡೆಯುತ್ತೆ. 40 ಪುಸ್ತಕದ ಆ ಚಾರ್ಟು ನಿಜವಾಗ್ಲೂ ಯಾರಿಗೋಸ್ಕರ ಅಂತ ಒಂದ್ಸಲ ನಿಮ್ಮನ್ನೇ ಕೇಳ್ಕೊಳ್ಳಿ, ಮಗನಿಗಾ ಭಾವನಿಗಾ? ನಾನು ಬ್ಯಾಟ್ ಚಾರ್ಟ್ ಹಾಕಿದ್ದು ನಮ್ಮ ಓರಗಿತ್ತಿಗೆ ಕಾಣ್ಲಿ ಅಂತ, ಅದು ಒಪ್ಕೊಳ್ಳೋಕೆ ನನಗೆ ನಾಲ್ಕೈದು ವರ್ಷ ಬೇಕಾಯ್ತು.

ಈಗ ಆ 'ಕಾರ್ಯಕ್ರಮ'ಕ್ಕೆ ಬರೋಣ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಅವನು ಸಿಕ್ಕಾಕೊಂಡ ಜಾಗ ಸಾಮಾನ್ಯ ಜಾಗ ಅಲ್ಲ. ಆ ಪದ ಒಂದು ಹಾಳೇಲಿ ದೊಡ್ಡದಾಗಿ ಬರೆದು ನೋಡಿ. 'ರ್ಯ' ಇದೆಯಲ್ಲ, ಅಲ್ಲಿ 'ಯ' ಬರೆದಾದ್ಮೇಲೆ ಬಲಗಡೆ ಅರ್ಕಾವೊತ್ತು ಹಾಕ್ತೀವಿ, ಆದ್ರೆ ಬಾಯಲ್ಲಿ ರ ಮೊದ್ಲು ಬರುತ್ತೆ, ಯ ಆಮೇಲೆ. ಅಂದ್ರೆ ಕಣ್ಣಿಗೆ ಕಾಣೋ ಸಾಲು ಒಂದು, ನಾಲಿಗೆ ಹೇಳೋ ಸಾಲು ಇನ್ನೊಂದು. ಅದು ದಾಟಿದ ಕೂಡ್ಲೇ 'ಕ್ರ', ಇಲ್ಲಿ ಅದೇ ರ ಬೇರೆ ರೂಪದಲ್ಲಿ ಬಂದು ಕ ಕೆಳಗೆ ಒತ್ತಾಗಿ ಕೂತಿದೆ, ಇಲ್ಲಿ ಕ ಮೊದ್ಲು ರ ಆಮೇಲೆ. ಒಂದೇ ಪದದಲ್ಲಿ ಒಂದೇ ಅಕ್ಷರ ಎರಡು ವೇಷ, ಎರಡು ಉಲ್ಟಾ ನಿಯಮ! ಮಕ್ಕಳು 'ಸೂರ್ಯ'ನ 'ಸೂಯ್ರ' ಅಂತ ಓದೋದು ಇದಕ್ಕೇ, ಕಣ್ಣಿಗೆ ಕಂಡಿದ್ದನ್ನ ನಿಯತ್ತಾಗಿ ಓದ್ತಾರೆ ಪಾಪ. ನಿಮ್ಮ ಮಗ ದಡ್ಡ ಆಗಿದ್ದಕ್ಕೆ ನಿಂತಿದ್ದಲ್ಲ, ಅಲ್ಲಿ ನಿಲ್ಲಬೇಕಾದ್ದೇ. ಭಾವನಿಗೆ ಇದನ್ನ ವಾದ ಮಾಡೋ ತರ ಅಲ್ಲ, ಸುಮ್ನೆ ಕಾಫಿ ಕುಡೀತಾ ತೋರಿಸಿ ನೋಡಿ, ನಮ್ಮ ಮನೆ ಗಂಡಸರೂ 'ಹೌದಲ್ಲ, ಇದು ಗೊತ್ತೇ ಇರ್ಲಿಲ್ಲ' ಅಂದಿದ್ರು.

ಕನ್ನಡದಲ್ಲಿ ಹೇಳಿದ ಹಾಗೇ ಬರೀತೀವಿ, ಬರೆದ ಹಾಗೇ ಓದ್ತೀವಿ, ಅದಕ್ಕೆ ಸುಲಭ ಅಂತ ನಾವೆಲ್ಲ ಹೇಳ್ಕೊಂಡು ಬಂದಿದೀವಿ. ಅರ್ಧ ನಿಜ. ವರ್ಣಮಾಲೆ 49, ಅದು ಬಾಯಿಪಾಠ ಆಗುತ್ತೆ, ಆದ್ರೆ 34 ವ್ಯಂಜನಕ್ಕೂ ಕಾಗುಣಿತ ಸೇರಿಸಿದ್ರೆ ಕಣ್ಣು ಗುರುತು ಹಿಡೀಬೇಕಾದ ರೂಪಗಳು 400 ದಾಟುತ್ತೆ, ಅದರ ಮೇಲೆ ಒತ್ತಕ್ಷರ. ಇಂಗ್ಲಿಷ್‌ನಲ್ಲಿ ಸ್ಪೆಲ್ಲಿಂಗ್ ಗೋಜಲು, ಅಕ್ಷರ ಮಾತ್ರ 26ರ ಚಿಕ್ಕದು ದೊಡ್ಡದು ಅಷ್ಟೇ. ಸೋನಾಲಿ ನಾಗ್ ಅನ್ನೋ ಸಂಶೋಧಕಿ ಕನ್ನಡ ಓದು ಕಲಿಯೋ ಮಕ್ಕಳ ಬಗ್ಗೆನೇ ಅಧ್ಯಯನ ಮಾಡಿ 2007ರಲ್ಲಿ ಬರೆದಿದ್ರು, ಇಂಗ್ಲಿಷ್ ಅಕ್ಷರದ ಕಲಿಕೆಗಿಂತ ನಮ್ಮ ಅಕ್ಷರ ಕಲಿಕೆ ತುಂಬಾ ವರ್ಷ ಹಿಡಿಯುತ್ತೆ, ದಿನಾ ಶಾಲೇಲಿ ಕಲಿಯೋ ಮಕ್ಕಳೂ ಮೂರು ನಾಲ್ಕನೇ ಕ್ಲಾಸಿನವರೆಗೆ ಇನ್ನೂ ಕಲೀತಾನೇ ಇರ್ತಾರೆ ಅಂತ. ನಿಮ್ಮ ಮಗ 9, ಅಂದ್ರೆ ನಾಲ್ಕನೇ ಕ್ಲಾಸಿನ ವಯಸ್ಸು, ಅದೂ ಕನ್ನಡಕ್ಕೆ ಕಮ್ಮಿ ಟೈಮ್ ಕೊಟ್ಟವನು. ಅವನ ಪಕ್ಕ ಐದನೇ ಕ್ಲಾಸಿನ ಕನ್ನಡ ಮೀಡಿಯಂ ಹುಡುಗೀನ ನಿಲ್ಸಿ ಅಳೆಯೋದು ಯಾವ ನ್ಯಾಯ?

ಇನ್ನೊಂದು ಅಡ್ಡಿ ಇದೆ, ಅದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ಮನೇಲಿ 'ಹೋಗ್ತಾನೆ' ಅಂತೀವಿ, ಪುಸ್ತಕದಲ್ಲಿ 'ಹೋಗುತ್ತಾನೆ' ಅಂತಿರುತ್ತೆ, ಕತೆಯಾದ್ರೆ 'ಹೊರಟನು, ಕಂಡನು, ಎಂದಳು'. ಪೇಪರ್ ಕನ್ನಡವಂತೂ ಇನ್ನೊಂದು ಲೋಕ, 'ಉದ್ಘಾಟಿಸಿದರು', 'ಹಮ್ಮಿಕೊಳ್ಳಲಾಗಿದೆ'. ಯಾರಾದ್ರೂ ಮನೇಲಿ ಹಮ್ಮಿಕೊಳ್ತಾರಾ? ಗಫ್ ಮತ್ತು ಟನ್ಮರ್ ಅಂತ ಇಬ್ರು 1986ರಲ್ಲಿ ಒಂದು ಸರಳ ಲೆಕ್ಕ ಕೊಟ್ರು, ಓದಿ ಅರ್ಥ ಆಗೋದು ಅಂದ್ರೆ ಅಕ್ಷರ ಬಿಡಿಸೋ ಶಕ್ತಿ ಗುಣಿಸು ಭಾಷೆ ಅರ್ಥ ಮಾಡ್ಕೊಳ್ಳೋ ಶಕ್ತಿ. ಕೂಡೋದಲ್ಲ, ಗುಣಿಸೋದು, ಎರಡರಲ್ಲಿ ಒಂದು ಸೊನ್ನೆ ಆದ್ರೆ ಪೂರ್ತಿ ಸೊನ್ನೆ. ನಿಮ್ಮ ಮಗನಿಗೆ ಓದು ಅಂದ್ರೇನು, ಕತೆ ಹೇಗೆ ಹೋಗುತ್ತೆ ಎಲ್ಲಾ ಗೊತ್ತಿದೆ. ಕಮ್ಮಿ ಇರೋದು ಕನ್ನಡದ ಅಕ್ಷರ ಅಭ್ಯಾಸ ಮತ್ತು ಆ ಪುಸ್ತಕದ ಕನ್ನಡ ಕಿವಿಗೆ ಬಿದ್ದಿರೋದು. ಎರಡನೇದಕ್ಕೆ ಅವನು ಓದ್ಬೇಕಾಗೇ ಇಲ್ಲ, ಕೇಳಿದ್ರೆ ಸಾಕು. ಹಾಗಾಗಿ ಆರು ವಾರ ನೀವು ಓದಿ, ಅವನು ಕೇಳ್ಲಿ.

ಹೇಗೆ ಅಂದ್ರೆ, ಮಧ್ಯಾಹ್ನ ಊಟ ಆಗಿ ಎಲ್ಲಾ ಜಗಲೀಲೋ ನಡುಮನೇಲೋ ತಣ್ಣಗಿನ ನೆಲದ ಮೇಲೆ ಬಿದ್ಕೊಂಡಿರ್ತಾರಲ್ಲ, ಆ ಹೊತ್ತು. ಇಪ್ಪತ್ತು ನಿಮಿಷ ಸಾಕು, ಗಟ್ಟಿಯಾಗಿ ಓದಿ. ನಿಮ್ಮ ಮಕ್ಕಳಿಗೆ ಅಂತ ಹೇಳ್ಬೇಡಿ, ಯಾರಿಗೆ ಬೇಕೋ ಅವರು ಕೇಳ್ಲಿ, ನಿದ್ದೆ ಬಂದವರು ಮಲಗ್ಲಿ, ಹುಣಸೆಹಣ್ಣು ಬಿಡಿಸೋರು ಬಿಡಿಸ್ಲಿ. ಅತ್ತೇನೂ ಕೇಳ್ತಾರೆ ನೋಡಿ. ನಮ್ಮ ಹಿರಿಯರಿಗೆ ಇದು ಹೊಸದೇ ಅಲ್ಲ, ಒಬ್ಬರು ಗಮಕದಲ್ಲಿ ವಾಚನ ಮಾಡೋದು ಇನ್ನೊಬ್ಬರು ಅರ್ಥ ಹೇಳೋದು ಊರೆಲ್ಲ ಕೂತು ಕೇಳೋದು, ಅಕ್ಷರ ಬರದವರ ಬಾಯಲ್ಲೂ ಮಹಾಭಾರತ ಇರ್ತಿದ್ದಿದ್ದು ಹಾಗೇನೇ. ತೀರ್ಥಹಳ್ಳಿ ಕಡೆ ಅಂದ್ರೆ ಯಕ್ಷಗಾನ ಮೇಳಗಳ ತಿರುಗಾಟ ಮೇ ಕೊನೆವರೆಗೂ ಇರುತ್ತೆ, ಎಲ್ಲಾದ್ರೂ ತಾಳಮದ್ದಳೆ ಇದ್ರೆ ಬಿಡ್ಬೇಡಿ, ವೇಷ ಇಲ್ಲ ಕುಣಿತ ಇಲ್ಲ, ಬರೀ ಮಾತು, ಅಂಥ ಕನ್ನಡ ಕೇಳೋಕೆ ಬೇರೆಲ್ಲೂ ಸಿಗಲ್ಲ. ಪೂರ್ತಿ ಅರ್ಥ ಆಗ್ಬೇಕು ಅಂತೇನಿಲ್ಲ, ನಮಗೂ ಆಗಲ್ಲ. ಮಗುಗೆ ತಾನಾಗೇ ಓದೋಕೆ ಬಂದ್ಮೇಲೂ ಓದಿ ಹೇಳ್ಬಹುದು, ಹನ್ನೆರಡು ಹದಿಮೂರರ ತನಕ ಮಕ್ಕಳು ಓದಿ ಅರ್ಥ ಮಾಡ್ಕೊಳ್ಳೋದಕ್ಕಿಂತ ಕೇಳಿ ಅರ್ಥ ಮಾಡ್ಕೊಳ್ಳೋದೇ ಜಾಸ್ತಿ. ನಾವು ಮಾತ್ರ ಅಕ್ಷರ ಬಂದ ದಿನ 'ಇನ್ನು ನೀನೇ ಓದ್ಕೋ' ಅಂತ ಕೈ ಬಿಟ್ಬಿಡ್ತೀವಿ.

ಇನ್ನು ಅವನ ಕೈಗೆ ಕನ್ನಡ ಮತ್ತೆ ಬರೋದು ಹೇಗೆ. ಇಲ್ಲಿ ನನ್ನ ಮಗನ ಕತೇನೇ ಹೇಳ್ತೀನಿ. ಅವನಿಗೆ ಹತ್ತು ವರ್ಷ, ಹೊಳೆನರಸೀಪುರದಲ್ಲಿ ನಮ್ಮಮ್ಮನ ಮನೇಲಿ ಬೇಸಿಗೆ. ಅಮ್ಮನಿಗೆ ಆಗಷ್ಟೇ ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಹೊಸ ಕನ್ನಡಕ ಬರೋಕೆ ಒಂದು ತಿಂಗಳು. ಅಮ್ಮನಿಗೆ ಬೆಳಿಗ್ಗೆ ಪೇಪರ್ ಇಲ್ದೆ ಆಗಲ್ಲ, ಅದರಲ್ಲೂ ರಾಜಕೀಯ ಅಲ್ಲ, ಸಿನಿಮಾ ಅಲ್ಲ, ನಿಧನ ಆದವರ ಕಾಲಂ. ಯಾರು ಹೋದ್ರು ಅಂತ ದಿನಾ ನೋಡ್ಲೇಬೇಕು. ನಾನು ದೋಸೆ ಹುಯ್ತಿದ್ದೆ, ಮೊಮ್ಮಗ ಸಿಕ್ಕ. 'ಲೋ, ಇದೊಂದು ಓದಿ ಹೇಳು ಬಾರೋ.' ಅವನು ಕಷ್ಟಪಟ್ಟು 'ನಿ...ವೃ...ತ್ತ ಮು...ಖ್ಯೋ...' ಅಂತ ಶುರು ಮಾಡಿದ, ಅಮ್ಮ 'ಮುಖ್ಯೋಪಾಧ್ಯಾಯರು, ಮುಂದೆ ಹೋಗು, ಹೆಸರು ಹೇಳು ಹೆಸರು' ಅಂದ್ರು. ತಿದ್ದೋಕಲ್ಲ, ಅವರಿಗೆ ಅರ್ಜೆಂಟು. ಹೆಸರು ಹೇಳಿದ, 'ಅಯ್ಯೋ ಅವನು ಹೋದ್ನಾ! ನಮ್ಮ ಅಣ್ಣನ ಕ್ಲಾಸ್‌ಮೇಟು ಕಣೋ, ಒಂದ್ಸಲ ಹೊಳೇಲಿ ಕೊಚ್ಚಿಕೊಂಡು ಹೋಗ್ತಿದ್ದವನನ್ನ...' ಅಂತ ಅರ್ಧ ಗಂಟೆ ಕತೆ. ಮಾರನೇ ದಿನ ಅವನೇ ಪೇಪರ್ ಎತ್ಕೊಂಡು ಬಂದ, ಇವತ್ತು ಯಾರು ಅಜ್ಜಿ ಅಂತ. ಉತ್ತರಕ್ರಿಯೆ, ವೈಕುಂಠ ಸಮಾರಾಧನೆ, ಪುಣ್ಯಸ್ಮರಣೆ, ಶ್ರದ್ಧಾಂಜಲಿ... ಒಂದು ತಿಂಗಳಲ್ಲಿ ನನ್ನ ಮಗ ಕನ್ನಡದ ಒತ್ತಕ್ಷರ ಎಲ್ಲಾ ಕಲ್ತಿದ್ದು ಸತ್ತವರ ಕಾಲಮ್ಮಿಂದ. ನಗ್ಬೇಡಿ. ನಾನು ಎರಡು ವರ್ಷ ಕಾಪಿ ಬರೆಸಿ ಆಗದೇ ಇದ್ದಿದ್ದು ಅದು.

ಏನು ವ್ಯತ್ಯಾಸ ಅಂದ್ರೆ, ನಿಮ್ಮ ಭಾವ ಕೇಳಿದ್ದು 'ಓದಿ ತೋರ್ಸು', ನಮ್ಮಮ್ಮ ಕೇಳಿದ್ದು 'ಓದಿ ಹೇಳು'. ತೋರ್ಸು ಅಂದವರಿಗೆ ಅದರಲ್ಲಿ ಏನಿದೆ ಅಂತ ಮೊದಲೇ ಗೊತ್ತು, ಅವರು ನೋಡ್ತಿರೋದು ಮಗೂನ. ಹೇಳು ಅಂದವರಿಗೆ ನಿಜವಾಗ್ಲೂ ಗೊತ್ತಿಲ್ಲ, ಅವರಿಗೆ ಬೇಕಿರೋದು ಸುದ್ದಿ. ಈ ಎರಡನೇ ತರದ ಕೆಲಸ ನಿಮ್ಮ ಅತ್ತೆ ಮನೇಲಿ ಬೇಕಾದಷ್ಟಿದೆ, ಹುಡುಕಿ. ಏಪ್ರಿಲ್ ಮೇ ಅಂದ್ರೆ ಮದುವೆ ಸೀಸನ್, ದಿನಾ ಒಂದು ಲಗ್ನಪತ್ರಿಕೆ ಬರುತ್ತೆ, ಯಾರ ಮಗ, ಯಾರ ಮೊಮ್ಮಗಳು, ಮುಹೂರ್ತ ಎಷ್ಟು ಗಂಟೆಗೆ, ಯಾವ ಕಲ್ಯಾಣ ಮಂಟಪ, ಅತ್ತೆಗೆ ಓದಿ ಹೇಳೋ ಡ್ಯೂಟಿ ಅವನಿಗೆ ಕೊಡಿ, 'ಚಿ|| ಸೌ||' ಅಂದ್ರೇನು ಅಂತ ಅವರೇ ಹೇಳ್ತಾರೆ. ಔಷಧಿ ಅಂಗಡಿ ಚೀಟಿ, ಗೊಬ್ಬರದ ಚೀಲ, ಬಸ್ ಬೋರ್ಡು, ದೇವಸ್ಥಾನದ ಸೇವಾ ಪಟ್ಟಿ ಎಲ್ಲಾ ಓದೇ.

ಭಾವನ ವಿಷಯಕ್ಕೆ ಒಂದು ಉಪಾಯ. ತೀರ್ಥಹಳ್ಳಿ ಕಡೆಯವರು ಅಂದ್ರೆ ಅಡಿಕೆ ಧಾರಣೆ ನೋಡ್ದೆ ದಿನ ಶುರು ಆಗಲ್ಲ ಅಂತ ಅನ್ಕೊಂಡಿದೀನಿ. ಅವರಿಗೆ ಮೊದಲೇ ಪಕ್ಕಕ್ಕೆ ಕರೆದು ಹೇಳಿ, 'ಭಾವ, ಅವನನ್ನ ಪರೀಕ್ಷೆ ಮಾಡ್ಬೇಡಿ, ಕೆಲಸ ಹೇಳಿ' ಅಂತ. ಅವರು ಷೇವಿಂಗ್ ಮಾಡ್ಕೋತಾ ಇರೋವಾಗ ಇವನು ಬಾಗಿಲಲ್ಲಿ ನಿಂತು 'ದೊಡ್ಡಪ್ಪ, ಸರಕು ಇಷ್ಟು, ಬೆಟ್ಟೆ ಇಷ್ಟು, ರಾಶಿ ಇಷ್ಟು, ಗೊರಬಲು ಇಷ್ಟು' ಅಂತ ಓದಿ ಹೇಳ್ಲಿ. ಅಡಿಕೆ ದರ್ಜೆಗಳ ಈ ಪದಗಳು ನೋಡಿ ಎಷ್ಟು ಸುಲಭ, ಬೆಟ್ಟೇಲಿ ಒಂದು ಒತ್ತು ಬಿಟ್ರೆ ಏನಿಲ್ಲ, ಉಳಿದಿದ್ದೆಲ್ಲ ಅಂಕಿ, ಅವನು ತಪ್ಪೋ ಚಾನ್ಸೇ ಇಲ್ಲ. ನಿನ್ನೆಗಿಂತ ಎಷ್ಟು ಏರ್ತು ಇಳೀತು ಅಂತ ಭಾವ ಕೇಳಿದ್ರೆ ಗಣಿತಾನೂ ಆಯ್ತು, ಅದನ್ನ ಗಣಿತ ಅಂತ ಮಾತ್ರ ಕರೀಬೇಡಿ. ಹೋದ ವರ್ಷ ಅವಮಾನ ಆಗಿದ್ದು ಅದೇ ಪೇಪರ್, ಅದೇ ದೊಡ್ಡಪ್ಪ, ಹಾಗಾಗಿ ಗಾಯ ಮಾಯೋದೂ ಅಲ್ಲೇ ಆಗ್ಬೇಕು ಅಂತ ನನಗನ್ಸುತ್ತೆ. ಮೊದಲ ವಾರ ಒಪ್ಪದೇ ಇದ್ರೆ ಬಿಟ್ಬಿಡಿ, ಬಲವಂತ ಬೇಡ.

ಭಾವನ ಮಗಳು ನಿಮಗೆ ದೇವರು ಕೊಟ್ಟ ಟೀಚರ್ರು, ನೀವು ಅವಳನ್ನ ಅಳತೆಕೋಲು ಮಾಡ್ಕೊಂಡು ಕೂತಿದೀರ. ಅವಳಿಗೆ ಕನ್ನಡ ಬರುತ್ತೆ, ಇಂಗ್ಲಿಷ್‌ಗೆ ಹೆದರಿಕೆ ಇರ್ಬಹುದು, ಇವನಿಗೆ ಉಲ್ಟಾ. ಕನ್ನಡ ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿ ಇರೋ ಚಿತ್ರಪುಸ್ತಕ ಸಿಗುತ್ತೆ, ಚೆನ್ನೈನ ತೂಲಿಕಾದವರದ್ದು ಇದೆ. ಅಂಥ ಎರಡು ಮೂರು ತಗೊಂಡು ಹೋಗಿ, ಅವಳಿಗೆ ಕನ್ನಡ ಲೈನು ಇವನಿಗೆ ಇಂಗ್ಲಿಷ್ ಲೈನು, ಚಿಕ್ಕ ಮಕ್ಕಳನ್ನ ಕೂರಿಸ್ಕೊಂಡು ಇಬ್ರೂ ಸೇರಿ ಓದಿ ಹೇಳ್ಲಿ, ಒಂದು ವಾರ ಆದ್ಮೇಲೆ ಲೈನು ಅದಲುಬದಲು ಮಾಡ್ಕೊಳ್ಳೋಕೆ ಅವರೇ ಶುರು ಮಾಡ್ತಾರೆ. ಆ ಹುಡುಗಿಗೂ ಇದರಲ್ಲಿ ಮರ್ಯಾದೆ ಇದೆ, ಸಿಟಿಯಿಂದ ಬಂದ ಕಸಿನ್‌ಗೆ ತಾನು ಹೇಳಿಕೊಡೋದು ಅಂದ್ರೆ ಸುಮ್ನೆನಾ?

ಪುಸ್ತಕ ಆರಿಸೋದ್ರಲ್ಲಿ ಒಂದು ತೊಂದರೆ ಇದೆ, ಅವನ ಬುದ್ಧಿ 9 ವರ್ಷದ್ದು, ಕನ್ನಡ ಅಕ್ಷರ 6 ವರ್ಷದ್ದು. ಅವನ ಅಕ್ಷರಕ್ಕೆ ಸರಿಹೋಗೋ ಪುಸ್ತಕ ಕೊಟ್ರೆ ಪಾಪು ಪುಸ್ತಕ ಅಂತಾನೆ, ಬುದ್ಧಿಗೆ ಸರಿಹೋಗೋದು ಕೊಟ್ರೆ ಎರಡನೇ ಪುಟಕ್ಕೆ ಮುಚ್ತಾನೆ. ಇದಕ್ಕೆ ನನಗೆ ಗೊತ್ತಿರೋ ಮದ್ದು ಎರಡೇ. ಒಂದು, ಒಗಟು, ಜೋಕು, ಕ್ರಿಕೆಟ್ ಸುದ್ದಿ, ಕಾಮಿಕ್ಸು, ಅಂದ್ರೆ ಲೈನು ಚಿಕ್ಕದು ವಿಷಯ ದೊಡ್ಡದು. ಇನ್ನೊಂದು, ತಂಗಿಗೆ ಓದಿ ಹೇಳೋದು. ಪಾಪು ಪುಸ್ತಕ ಓದೋಕೆ ಅವನಿಗೊಂದು ನೆಪ ಸಿಕ್ತು, ನಾಚಿಕೆ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕತೆಗಳು ಫ್ರೀಯಾಗಿ ಸಿಗುತ್ತೆ, ಓದೋ ಮಟ್ಟ ಅಂತ 1ರಿಂದ 4 ನಂಬರ್ ಹಾಕಿರ್ತಾರೆ. ಹೊರಡೋಕೆ ಮುಂಚೆ ಒಂದು ಹತ್ತು ಕತೆ ಪ್ರಿಂಟ್ ತೆಗ್ಸಿ ಪಿನ್ ಹೊಡೆದು ತಗೊಂಡು ಹೋಗಿ, ಎಣ್ಣೆ ಕೈಯಲ್ಲಿ ಮುಟ್ಟಿದ್ರೂ ಬೈಬೇಕಾಗಿಲ್ಲ. ಊರಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿ ಇರುತ್ತೆ, ಈಗ ಎಷ್ಟೋ ಕಡೆ ಅರಿವು ಕೇಂದ್ರ ಅಂತ ಬೋರ್ಡು. 2020ರಲ್ಲಿ 'ಓದುವ ಬೆಳಕು' ಅಂತ ಶುರು ಮಾಡಿದಾಗಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಅತ್ತೆ ಮನೆ ಮಕ್ಕಳನ್ನೆಲ್ಲ ಒಟ್ಟಿಗೆ ಕರ್ಕೊಂಡು ಹೋಗಿ, ಬರ್ತಾ ದಾರೀಲಿ ಐಸ್‌ಕ್ಯಾಂಡಿ ಕೊಡ್ಸಿ. ಇದು ಲಂಚ ಅಲ್ವಾ ಅಂತ ಕೇಳ್ಬೇಡಿ, ಬಿಸಿಲು ಅಷ್ಟಿರುತ್ತೆ.

ಅವನು ಓದೋವಾಗ ತಪ್ಪಿದ್ರೆ ಮನಸ್ಸಲ್ಲೇ ಐದು ಎಣಿಸಿ, ಆಮೇಲೂ ಬರ್ಲಿಲ್ಲ ಅಂದ್ರೆ ಪದ ನೀವೇ ಹೇಳ್ಬಿಡಿ, ಬಿಡಿಸಿ ಓದು ಅನ್ಬೇಡಿ. 'ಸೂಯ್ರ' ಅಂದು ಮುಂದೆ ಹೋಗಿ ಕತೆ ಅರ್ಥ ಆಗಿದ್ರೆ ಅದನ್ನೂ ಬಿಟ್ಬಿಡಿ. ಇಂಗ್ಲಿಷ್ ಪುಸ್ತಕ ಮಾತ್ರ ಕಿತ್ಕೋಬೇಡಿ ದಯವಿಟ್ಟು, ಕನ್ನಡ ಬರ್ಲಿ ಅಂತ ಇಂಗ್ಲಿಷ್‌ಗೆ ಬೀಗ ಹಾಕಿದ ಮನೆಗಳಲ್ಲಿ ಎರಡೂ ಹೋಗಿದ್ದು ನೋಡಿದೀನಿ.

ಮೊಬೈಲ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಅಷ್ಟು ಮಕ್ಕಳು ಸೇರೋ ಮನೆ ಅಂದ್ರೆ ಇದ್ದೇ ಇರುತ್ತೆ. ಮೊಬೈಲ್ ಎದುರು ಪುಸ್ತಕ ನಿಲ್ಸಿ ಯಾವುದು ಬೇಕು ಅಂತ ಕೇಳಿದ್ರೆ ಪುಸ್ತಕ ಸೋಲುತ್ತೆ, ನಾವೇ ಸೋಲ್ತೀವಿ ಇನ್ನು ಮಕ್ಕಳಾ. ಮಲೆನಾಡಲ್ಲಿ ಮೇನಲ್ಲಿ ಸಂಜೆ ಗುಡುಗು ಶುರು ಆದ ಕೂಡ್ಲೇ ಕರೆಂಟ್ ಹೋಗುತ್ತೆ, ನೆಟ್‌ವರ್ಕೂ ಹೋಗುತ್ತೆ, ಆ ಹೊತ್ತಿಗೆ ಒಂದು ಟಾರ್ಚು ಒಂದು ದೆವ್ವದ ಕತೆ ರೆಡಿ ಇಟ್ಕೊಳ್ಳಿ.

ಮಗಳ ವಿಷಯ ಚಿಕ್ಕದಾಗಿ. ಆರು ವರ್ಷ, ಒಂದನೇ ಕ್ಲಾಸಿನ ವಯಸ್ಸು, ಫಿನ್‌ಲ್ಯಾಂಡ್‌ನಲ್ಲಿ ಶಾಲೆ ಶುರು ಆಗೋದೇ ಏಳಕ್ಕೆ. ಕತೆ ಕೇಳ್ತಾಳಾ, ಪುಸ್ತಕ ತಿರುವಿ ಚಿತ್ರ ನೋಡಿ ತಾನೇ ಕತೆ ಕಟ್ತಾಳಾ, ತನ್ನ ಹೆಸರಿನ ಅಕ್ಷರ ಬೋರ್ಡಲ್ಲಿ ಕಂಡ್ರೆ ಕೂಗ್ತಾಳಾ, ಹೌದು ಅಂದ್ರೆ ಸುಮ್ನಿರಿ. ಎಂಟು ದಾಟಿದ್ಮೇಲೂ, ದಿನಾ ಓದಿ ಹೇಳ್ತಿದ್ದೂ, ಅಕ್ಷರಕ್ಕೂ ಶಬ್ದಕ್ಕೂ ನಂಟೇ ಕೂರ್ತಿಲ್ಲ, ಇವತ್ತು ಗೊತ್ತಾಗಿದ್ದು ನಾಳೆ ಪೂರ್ತಿ ಮಾಯ ಅಂತಾದ್ರೆ ಆಗ ಡಿಸ್ಲೆಕ್ಸಿಯಾ ಬಗ್ಗೆ ತಿಳಿದವರ ಹತ್ರ ತೋರಿಸ್ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಅಂತ ಅದನ್ನ ಸೇರಿಸಿದ್ದಾರೆ, ಮುಂದೆ ಪರೀಕ್ಷೆಗಳಲ್ಲಿ ಅನುಕೂಲಗಳಿವೆ. ಈಗ ಅದರ ಮಾತು ಬೇಡ.

'ಮುಂದೆ ಟೆಂತ್ ಹೆಂಗೆ ಬರೀತಾರೆ' ಅಂತ ಜಗಲೀಲಿ ಯಾರಾದ್ರೂ ಕೇಳೇ ಕೇಳ್ತಾರೆ. ಎನ್‌ಐಒಎಸ್ ಅಂದ್ರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ, ಹತ್ತನೇದಕ್ಕೆ 14 ವರ್ಷ ತುಂಬಿರ್ಬೇಕು, ಕನ್ನಡ ಒಂದು ಭಾಷೆಯಾಗಿ ತಗೋಬಹುದು, ಇಷ್ಟು ಹೇಳಿ ಹಲಸಿನ ಹಣ್ಣು ಬಿಡಿಸೋಕೆ ಎದ್ದು ಹೋಗಿ. ಇನ್ನೂ ಐದು ವರ್ಷ ಇದೆ. ಅತ್ತೆ ರಜ ಇಲ್ವಾ ಅಂದ್ರೆ ಇದೆ ಅತ್ತೆ ಅನ್ನಿ, ಟೈಮ್‌ಟೇಬಲ್ ತುಮಕೂರಲ್ಲೇ ಬಿಟ್ಟು ಬನ್ನಿ. ಅವರ ಮಾತಲ್ಲಿ ನಿಮ್ಮ ಮೇಲೆ ದೂರಿದೆ ಅಂತ ನಿಮಗನ್ಸಿದೆ, ನನಗೆ ಓದಿದಾಗ ಮೊಮ್ಮಕ್ಕಳು ಆರು ವಾರಾನಾದ್ರೂ ನನಗೆ ಸಿಗ್ಲಿ ಅನ್ನೋ ಹಾಗೆ ಕೇಳಿಸ್ತು.

ಒಂದು ಮರೆತೆ. ಹೊರಡೋಕೆ ಮುಂಚೆ ಮಗನ ಕಣ್ಣು ಟೆಸ್ಟ್ ಮಾಡಿಸಿ. ಇಂಗ್ಲಿಷ್ ಓದ್ತಾನಲ್ಲ ಕಣ್ಣು ಸರಿ ಇರುತ್ತೆ ಅಂತ ಅನ್ಕೋಬೇಡಿ, ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಪ್ರಿಂಟ್ ಆಗಿರುತ್ತೆ. ನನ್ನ ಮಗಳು ಎಂಟನೇ ವರ್ಷಕ್ಕೆ ಕನ್ನಡಕ ಹಾಕಿಸ್ಕೊಂಡು ಬಂದ ಸಂಜೆ ಪುಸ್ತಕ ತೆಗೆದು ನೋಡ್ತಾ ಕೂತವಳು, 'ಅಮ್ಮಾ, ಈ ಕೆಳಗಡೆ ಇರೋ ಚಿಕ್ಕ ಅಕ್ಷರಗಳೆಲ್ಲ ಬೇರೆ ಬೇರೆನಾ? ನಾನು ಎಲ್ಲಾ ಒಂದೇ ಅನ್ಕೊಂಡಿದ್ದೆ' ಅಂದ್ಲು.